ಊರಿನ ಎಫ್‌ಡಿ ಬಡ್ಡಿ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಿಲ್ಲ, ಜೈಲಾಗುತ್ತಾ?

ಓದುಗರ ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ಮೈಸೂರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಎಫ್‌ಡಿ ಇಟ್ಟಿದ್ದೇವೆ. ಅದರ ಬಡ್ಡಿಗೆ ಟ್ಯಾಕ್ಸ್ ಇಲ್ಲ ಅಂತ ಊರಿನ ಸಿಎ ಹೇಳಿದ್ದರು. ಇಲ್ಲಿನ ರಿಟರ್ನ್‌ನಲ್ಲಿ ಅದನ್ನು ಯಾವತ್ತೂ ತೋರಿಸಿಲ್ಲ. ಸುಳ್ಳು ರಿಟರ್ನ್ ಅಂತ ಜೈಲಿಗೆ ಹಾಕುತ್ತಾರಾ?

ನಿಮ್ಮ ಸಿಎ ಹೇಳಿದ್ದು ಸರಿ, ಆದರೆ ಭಾರತದ ಮಟ್ಟಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದವರು ಲೋಕದಲ್ಲಿ ಎಲ್ಲೇ ಸಂಪಾದಿಸಿದರೂ ಅಮೆರಿಕಕ್ಕೆ ಲೆಕ್ಕ ಕೊಡಬೇಕು. ಅಲ್ಲಿ ಎನ್‌ಆರ್‌ಇ ಬಡ್ಡಿಗೂ ತೆರಿಗೆ ಉಂಟು. ಈ ಗೊಂದಲ ನಮ್ಮವರಲ್ಲಿ ತುಂಬಾ ಜಾಸ್ತಿ.

ಈಗ ಜೈಲಿನ ಮಾತು. ಬೇಕಂತಲೇ ತೆರಿಗೆ ತಪ್ಪಿಸಿದರೆ ಅಮೆರಿಕದ ಕಾನೂನಿನ 7201ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು. ಸುಳ್ಳು ಅಂತ ಗೊತ್ತಿದ್ದೂ ರಿಟರ್ನ್‌ಗೆ ಸಹಿ ಹಾಕಿದರೆ 7206(1), 3 ವರ್ಷದವರೆಗೆ. ಈ ಎರಡನೆಯದಕ್ಕೆ ಸರ್ಕಾರಕ್ಕೆ ಒಂದು ಡಾಲರ್ ನಷ್ಟವಾಗಿದೆ ಅಂತ ತೋರಿಸುವ ಅಗತ್ಯವೂ ಇಲ್ಲ. ಹೇಳಿದ ಸುಳ್ಳು ಮುಖ್ಯವಾದ ವಿಷಯದ ಮೇಲಿದ್ದರೆ ಸಾಕು.

ಆದರೆ ಎರಡರಲ್ಲೂ ‘ಗೊತ್ತಿದ್ದೂ ಮಾಡಿದರು’ ಅನ್ನುವುದನ್ನು ಸರ್ಕಾರ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. 1991ರ ಚೀಕ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆತ ವಿಮಾನದ ಪೈಲಟ್, ಸಂಬಳ ಆದಾಯವೇ ಅಲ್ಲ ಅಂತ ವಾದಿಸುತ್ತಿದ್ದವನು. ಕಾನೂನನ್ನು ನಿಜವಾಗಿ ತಪ್ಪು ತಿಳಿದಿದ್ದರೆ, ಆ ನಂಬಿಕೆ ಎಷ್ಟೇ ಪೆದ್ದಾಗಿದ್ದರೂ ಅದು ಉದ್ದೇಶಪೂರ್ವಕ ಅಪರಾಧವಲ್ಲ ಅಂದಿತು ಕೋರ್ಟ್. ಮರುವಿಚಾರಣೆಯಲ್ಲಿ ಜ್ಯೂರಿ ಅವನನ್ನು ನಂಬಲಿಲ್ಲ ಅನ್ನುವುದು ಬೇರೆ ಮಾತು!

ಹಾಗಾದರೆ ‘ನನಗೆ ಗೊತ್ತಿರಲಿಲ್ಲ’ ಅಂದರೆ ಮುಗಿಯಿತಾ? ನಿಮ್ಮ ಹಳೇ ರಿಟರ್ನ್ ತೆಗೆದು, ಬಡ್ಡಿ, ಡಿವಿಡೆಂಡ್ ವಿವರ ಬರೆಯುವ ಶೆಡ್ಯೂಲ್ ಬಿ ಪುಟದ ಕೊನೆಗೆ ಹೋಗಿ. ವಿದೇಶದಲ್ಲಿ ಬ್ಯಾಂಕ್ ಖಾತೆ ಇದೆಯಾ ಅಂತ ನೇರವಾಗಿ ಕೇಳುವ ಒಂದು ಪ್ರಶ್ನೆ ಇದೆ. ಹೌದು, ಇಲ್ಲ ಅಂತ ಎರಡು ಚೌಕ. ಅದರ ಕೆಳಗೇ, ಯಾವ ದೇಶ ಅಂತ ಬರೆಯುವ ಜಾಗ. ‘ಇಲ್ಲ’ಕ್ಕೆ ಟಿಕ್ ಬಿದ್ದಿದ್ದರೆ ನಿಮ್ಮ ಕಷ್ಟ ಶುರುವಾಗುವುದೇ ಅಲ್ಲಿಂದ. ಸಾಫ್ಟ್‌ವೇರೇ ಟಿಕ್ ಹಾಕಿತ್ತು ಅನ್ನಬಹುದು. ಆದರೆ ಸುಳ್ಳಾದರೆ ಶಿಕ್ಷೆಗೆ ಒಳಗಾಗುತ್ತೇನೆ ಅನ್ನುವ ಸಾಲಿನ ಕೆಳಗೆ ಸಹಿ ಹಾಕಿದ್ದು ನೀವು. ಜಂಟಿ ರಿಟರ್ನ್ ಆದರೆ ಗಂಡ ಹೆಂಡತಿ ಇಬ್ಬರೂ.

ಇದರ ಜೊತೆಗೆ ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ, ಬೇರೆ ಇದೆ. ವರ್ಷದಲ್ಲಿ ಯಾವತ್ತಾದರೂ ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಅದನ್ನು ಸಲ್ಲಿಸಬೇಕು. ಅಪ್ಪ ಅಮ್ಮನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ.

ಯಾರಿಗೂ ಗೊತ್ತಾಗಲ್ಲ ಅಂತ ಸುಮ್ನೆ ಕೂರಬೇಡಿ. 2015ರಲ್ಲಿ ಭಾರತ ಮತ್ತು ಅಮೆರಿಕ ಫ್ಯಾಟ್ಕಾ ಅನ್ನುವ, ಖಾತೆಗಳ ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತದ ಬ್ಯಾಂಕುಗಳ ಮಾಹಿತಿ ಅಮೆರಿಕಕ್ಕೆ ಹೋಗುತ್ತದೆ. ಅದಕ್ಕೂ ಮುಂಚೆ, 2011ರಲ್ಲೇ, ಎಚ್‌ಎಸ್‌ಬಿಸಿಯ ಭಾರತದ ಶಾಖೆಗಳಲ್ಲಿ ಖಾತೆ ಇದ್ದ ಅಮೆರಿಕ ನಿವಾಸಿಗಳ ವಿವರ ಕೇಳಲು ಅಮೆರಿಕದ ಕೋರ್ಟ್ ಅಲ್ಲಿನ ತೆರಿಗೆ ಇಲಾಖೆಗೆ ಅನುಮತಿ ಕೊಟ್ಟಿತ್ತು.

ನಿಮ್ಮದು ನೀವು ಹೇಳಿದಂತೆ ತಪ್ಪು ತಿಳಿವಳಿಕೆಯೇ ಆಗಿದ್ದರೆ, ಹಳೇ ತಪ್ಪು ಸರಿಪಡಿಸಿಕೊಳ್ಳಲು ಅಮೆರಿಕದ ತೆರಿಗೆ ಇಲಾಖೆಯೇ ಕೊಟ್ಟಿರುವ ಸ್ಟ್ರೀಮ್‌ಲೈನ್ಡ್ ಅನ್ನುವ ದಾರಿ ಇದೆ: 3 ವರ್ಷದ ತಿದ್ದಿದ ರಿಟರ್ನ್, 6 ವರ್ಷದ ಎಫ್‌ಬಾರ್, ಬಾಕಿ ತೆರಿಗೆ, ಬಡ್ಡಿ, ಜೊತೆಗೆ ಮುಚ್ಚಿಟ್ಟಿದ್ದ ಆಸ್ತಿಯ ಮೇಲೆ 5% ದಂಡ. ಇಲಾಖೆ ನಿಮ್ಮ ಲೆಕ್ಕ ಪರಿಶೀಲನೆ ಶುರು ಮಾಡಿದರೆ ಆ ಬಾಗಿಲು ಮುಚ್ಚಿತು. ಈಗ ವಿಷಯ ಗೊತ್ತಾಗಿದೆ ಅಲ್ವಾ? ಬರುವ ವರ್ಷವೂ ‘ಇಲ್ಲ’ ಅಂತ ಟಿಕ್ ಹಾಕಿದರೆ, ಅದನ್ನು ತಪ್ಪು ತಿಳಿವಳಿಕೆ ಅನ್ನುವ ಹಾಗಿಲ್ಲ.

ಒಳಗೊಳಗೇ ‘ಗೊತ್ತಿತ್ತು’ ಅನ್ನುವವರು ಮಾತ್ರ ಈ ದಾರಿ ಹಿಡಿಯಬೇಡಿ. ಉದ್ದೇಶವಿರಲಿಲ್ಲ ಅಂತ ಅಲ್ಲಿ ಬರೆದುಕೊಡಬೇಕು, ಅದೂ ಸುಳ್ಳಾದರೆ ಇನ್ನೊಂದು ಅಪರಾಧ. ಅಂಥವರು ಲೆಕ್ಕಿಗರ ಹತ್ತಿರ ಹೋಗುವ ಮುಂಚೆ ತೆರಿಗೆ ವಕೀಲರನ್ನು ನೋಡಿ. ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಕ್ರಿಮಿನಲ್ ಕೇಸಿನಲ್ಲಿ ಲೆಕ್ಕಿಗರನ್ನು ನಿಮ್ಮ ವಿರುದ್ಧವೇ ಸಾಕ್ಷಿಗೆ ಕರೆಯಬಹುದು.