ಮಾದರಿ ಬಟ್ಟೆ ಗೋಡೆಗೇರಿದ ಬಗೆ

ಮಲೆನಾಡಿನ ಕೆಲವು ಹಳೆಯ ಮನೆಗಳ ಜಗುಲಿಯಲ್ಲಿ ಗಾಜಿನ ಚೌಕಟ್ಟಿನೊಳಗೆ ಗಿಳಿ, ಹೂಬುಟ್ಟಿ, ‘ಸುಸ್ವಾಗತ’ ಎಂಬ ಅಕ್ಷರಗಳ ಕಸೂತಿ ಈಗಲೂ ಕಾಣಸಿಗುತ್ತದೆ. ಇಂಥದ್ದನ್ನು ಕಲೆ ಎನ್ನಬೇಕೇ, ಮನೆಗೆಲಸ ಎನ್ನಬೇಕೇ ಎಂಬ ತಕರಾರು ಹಳೆಯದು. ಅದರ ಒಂದು ಎಳೆ ಯುರೋಪಿನ ‘ಸ್ಯಾಂಪ್ಲರ್’, ಅಂದರೆ ಮಾದರಿ ಬಟ್ಟೆಗಳವರೆಗೆ ಹೋಗುತ್ತದೆ.

ನಮೂನೆಯ ಪುಸ್ತಕಗಳು ದುರ್ಲಭವಾಗಿದ್ದ ಕಾಲದಲ್ಲಿ, ಕಂಡ ಹೊಲಿಗೆ ಮರೆತುಹೋಗದಿರಲೆಂದು ತುಂಡು ಬಟ್ಟೆಯ ಮೇಲೆ ಹಾಕಿಟ್ಟುಕೊಳ್ಳುತ್ತಿದ್ದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಜೇನ್ ಬಾಸ್ಟಾಕ್‌ಳ ಬಟ್ಟೆ (1598) ಇಸವಿ ನಮೂದಾದ ಬ್ರಿಟಿಷ್ ಮಾದರಿಗಳಲ್ಲಿ ಅತ್ಯಂತ ಹಳೆಯದು.

ಮುಂದಿನ ಎರಡು ಶತಮಾನಗಳಲ್ಲಿ ಈ ನೆನಪಿನ ಬಟ್ಟೆ ಶಾಲೆಯ ಪಾಠವಾಯಿತು. ಹುಡುಗಿಯರು ಅಕ್ಷರ, ಅಂಕಿ, ನೀತಿಪದ್ಯಗಳನ್ನು ದಾರದಲ್ಲಿ ಮೂಡಿಸಿದರು. ಉಳ್ಳವರ ಮನೆಯಲ್ಲಿ ಅದು ಮಗಳ ಗುಣಕ್ಕೆ ಸಾಕ್ಷಿಯಾಗಿ ಗೋಡೆಗೇರಿತು. ಅನಾಥಾಲಯದ ಹುಡುಗಿಗೆ ಅದೇ ಹೊಲಿಗೆ, ನಾಳೆ ಯಾರದೋ ಮನೆಯ ಹಾಸಿಗೆವಸ್ತ್ರಗಳಿಗೆ ಗುರುತು ಹಾಕುವ ಚಾಕರಿಯ ಅರ್ಹತೆಯಾಗಿತ್ತು. ಸಸೆಕ್ಸ್‌ನ ಎಲಿಜಬೆತ್ ಪಾರ್ಕರ್ ಎಂಬ ಮನೆಗೆಲಸದ ಹುಡುಗಿ 1830ರ ಸುಮಾರಿಗೆ ಹೂವಿಲ್ಲದ, ಅಂಚಿಲ್ಲದ ಬಟ್ಟೆಯ ಮೇಲೆ ಕೆಂಪು ರೇಷ್ಮೆ ದಾರದಿಂದ, ತನಗೆ ಬರೆಯಲು ಬಾರದೆಂದೇ ಆರಂಭಿಸಿ, ಯಜಮಾನನ ಕ್ರೌರ್ಯವನ್ನೂ ಪ್ರಾಣ ಕಳೆದುಕೊಳ್ಳುವ ಯೋಚನೆಯನ್ನೂ ಸಾಲುಸಾಲಾಗಿ ಹೊಲಿದಳು; ತನ್ನ ಆತ್ಮದ ಗತಿಯೇನು ಎಂಬಲ್ಲಿಗೆ ಹೊಲಿಗೆ ನಿಂತುಹೋಗಿದೆ. ವಿಧೇಯತೆ ಕಲಿಸಲೆಂದು ಕೊಟ್ಟ ಸೂಜಿಯಿಂದಲೇ ಬಂದ ಈ ಮಾತನ್ನು ಬರೀ ಕೈಕೆಲಸವೆನ್ನಲು ಮನಸ್ಸು ಬಾರದು. ಇದೇ ಸಂಗ್ರಹಾಲಯದಲ್ಲಿ ಈಗ ಅದೂ ಇದೆ.

ಮಿಷನರಿ ಶಾಲೆಗಳ ಮೂಲಕ ಸೂಜಿಕೆಲಸದ ಪಾಠ ಭಾರತಕ್ಕೂ ಬಂತು. ಶಾಲೆಯ ಹಂಗಿಲ್ಲದೆ ಗವಂತಿ, ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳನ್ನು ತಾಯಂದಿರಿಂದ ಕಲಿತ ಧಾರವಾಡದ ಕಡೆಯ ಹೆಂಗಸರಿಗೆ ಅದು ಹೊಸತೇನಲ್ಲ. 1984ರಲ್ಲಿ ಕಲಾ ಇತಿಹಾಸಜ್ಞೆ ರೋಸಿಕಾ ಪಾರ್ಕರ್, ಕಸೂತಿಯು ಹೆಣ್ಣನ್ನು ಪಳಗಿಸಿದ್ದೂ ಹೌದು, ಆಕೆಯ ಪ್ರತಿರೋಧಕ್ಕೆ ದಾರಿಯಾದದ್ದೂ ಹೌದು ಎಂದು ವಾದಿಸಿದ ಮೇಲೆ ಚರ್ಚೆಗೆ ಬಲ ಬಂತು.

ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರವೂ ಇದೇ ತಕ್ಕಡಿಯಲ್ಲಿ ತೂಗುತ್ತಿದೆ. ಗೋಡೆಯ ಮೇಲಿದ್ದಾಗ ಅದು ಮದುವೆಮನೆಯ ಕೆಲಸಗಳಲ್ಲೊಂದು. ಕಾಗದಕ್ಕಿಳಿದು ಚೌಕಟ್ಟು ಹಾಕಿಸಿಕೊಂಡಾಗ ಕಲೆ. ಬಿಳಿ ಬಣ್ಣಕ್ಕೆಂದು ಅಕ್ಕಿ ನೆನೆಸಿ ಅರೆಯುವುದು, ಪುಂಡಿನಾರಿನ ಕುಂಚ ಕಟ್ಟುವುದು ಆ ಬೆಲೆಯ ಲೆಕ್ಕಕ್ಕೆ ಸೇರುವುದು ಅಪರೂಪ.