ರಫ್ ಕನ್ಸೆನ್ಸಸ್: ವೋಟಿಲ್ಲದೆ ನಿಯಮ ಮಾಡುವ ಕ್ರಮ

ಇಂಟರ್ನೆಟ್ಟಿನ ನಿಯಮ ಮಾಡುವವರು ಯಾರು ಅಂತ ಕೇಳಿದರೆ ಕೆಲವರು ಸರ್ಕಾರ ಅನ್ನುತ್ತಾರೆ, ಕೆಲವರು ಗೂಗಲ್‌ನಂಥ ಕಂಪನಿಗಳ ಹೆಸರು ಹೇಳುತ್ತಾರೆ. ಆದರೆ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ನಂಬರ್) ಯಾರಿಗೆ ಎಷ್ಟು ಸಿಗಬೇಕು ಅನ್ನುವಂಥ ನಿಯಮಗಳನ್ನು ಮಾಡುವುದು ಅದನ್ನು ಬಳಸುವವರೇ. ಅಲ್ಲಿ ವೋಟು ಹಾಕುವುದಿಲ್ಲ. 'ರಫ್ ಕನ್ಸೆನ್ಸಸ್', ಅಂದರೆ ಹೆಚ್ಚುಕಡಿಮೆ ಒಮ್ಮತ, ಬಂತಾ ಅಂತ ನೋಡುತ್ತಾರೆ. ಎಲ್ಲರೂ ಒಪ್ಪಲೇಬೇಕು ಅಂತಿಲ್ಲ. ಆದರೆ ಬಂದ ಒಂದೊಂದು ಗಂಭೀರ ಆಕ್ಷೇಪಕ್ಕೂ ಸರಿಯಾದ ಉತ್ತರ ಸಿಕ್ಕಿರಬೇಕು.

ಮಂಗಳೂರಿನ ಬಿಜೈಯಲ್ಲಿ ಒಂದು ಅಪಾರ್ಟ್‌ಮೆಂಟಿನ ಮೀಟಿಂಗ್ ಅಂದುಕೊಳ್ಳಿ. ಜನರೇಟರ್ ಎಲ್ಲಿ ಇಡುವುದು ಅಂತ ಚರ್ಚೆ. 24 ಮನೆಗಳಲ್ಲಿ 23 ಮನೆಯವರು ಹಿಂದಿನ ಕಾಂಪೌಂಡಿನ ಹತ್ತಿರ ಇಡೋಣ ಅನ್ನುತ್ತಾರೆ. ಕೆಳಗಿನ ಮನೆಯವರೊಬ್ಬರು ಮಾತ್ರ, "ಹೊಗೆ ಸೀದಾ ನಮ್ಮ ಬೆಡ್‌ರೂಮಿಗೆ ಬರ್ತದೆ ಮಾರಾಯ್ರೆ, ಅಮ್ಮನಿಗೆ ದಮ್ಮು ಉಂಟು" ಅನ್ನುತ್ತಾರೆ. ವೋಟಾದರೆ ಅವರ ಮಾತು ಅಲ್ಲಿಗೇ ಮುಗಿಯಿತು. ರಫ್ ಕನ್ಸೆನ್ಸಸ್‌ನಲ್ಲಿ ಹಾಗೆ ಬಿಟ್ಟು ಹೋಗುವಂತಿಲ್ಲ. ಹೊಗೆ ಪೈಪನ್ನು ಟೆರೇಸಿನ ತನಕ ಏರಿಸಿದರೆ ಸಾಕಾ, ಜಾಗವನ್ನೇ ಬದಲಿಸಬೇಕಾ ಅಂತ ನೋಡಲೇಬೇಕು. ಅವರು ಸುಮ್ನೆ "ನನಗೆ ಆ ಕಂಪನಿಯ ಜನರೇಟರ್ ಇಷ್ಟ ಇಲ್ಲ" ಅಂದರೆ ಮಾತ್ರ ಕಾರಣ ಕೇಳಿ, ಉತ್ತರ ಕೊಟ್ಟು, ಮುಂದೆ ಹೋಗಬಹುದು.

ಈ ಕ್ರಮ ಹೆಸರು ಮಾಡಿದ್ದು ಐಇಟಿಎಫ್‌ನಲ್ಲಿ. ಇಂಟರ್ನೆಟ್ಟಿನ ತಾಂತ್ರಿಕ ಮಾನದಂಡ ಬರೆಯುವ ಈ ಗುಂಪಿಗೆ ಸದಸ್ಯತ್ವವೇ ಇಲ್ಲ. ಯಾರು ಬೇಕಾದರೂ ಬರಬಹುದು. ಸದಸ್ಯರೇ ಇಲ್ಲದ ಮೇಲೆ ವೋಟು ಯಾರದ್ದು ಎಣಿಸುವುದು? ನಮಗೆ ರಾಜರೂ ಬೇಡ, ಅಧ್ಯಕ್ಷರೂ ಬೇಡ, ಮತದಾನವೂ ಬೇಡ ಎಂಬ ಅರ್ಥದ ಮಾತನ್ನು ಇಂಟರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಕ್ಲಾರ್ಕ್ ಅಲ್ಲಿ ಹೇಳಿದ್ದು 1992ರಲ್ಲಿ. ಸಭೆಯ ಒಲವು ತಿಳಿಯಲು ಅಲ್ಲಿ ಕೈ ಎತ್ತಿಸುವ ಬದಲು ಒಪ್ಪುವವರು ಒಮ್ಮೆ, ಒಪ್ಪದವರು ಒಮ್ಮೆ ಬಾಯಿ ಮುಚ್ಚಿಕೊಂಡು 'ಹುಂ' ಅನ್ನುವ ರೂಢಿಯೂ ಉಂಟು.

ನಮ್ಮ ಕಡೆಗೆ ಇದು ಹೇಗೆ ತಾಗುತ್ತದೆ ನೋಡಿ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಐಪಿ ವಿಳಾಸ ಹಂಚುವುದು ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಅದರಡಿ ಭಾರತದ ಕೆಲಸ ನೋಡಿಕೊಳ್ಳುವುದು ನಿಕ್ಸಿ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ನಡೆಸುವ ಐಆರ್‌ಐಎನ್‌ಎನ್. 2011ರ ಏಪ್ರಿಲ್‌ನಲ್ಲಿ ಎಪಿನಿಕ್‌ನ ಐಪಿವಿ4, ಅಂದರೆ ಹಳೆಯ ಮಾದರಿಯ ವಿಳಾಸಗಳ, ದಾಸ್ತಾನು ಕೊನೆಯ ಕಂತಿಗೆ ಬಂತು. ಆಗ ಆ ಕಂತಿನಿಂದ ಒಂದು ಸಂಸ್ಥೆಗೆ ಹೆಚ್ಚೆಂದರೆ 1024 ವಿಳಾಸ ಅಂತ ಮಿತಿ ಬಂತು. 2019ರಲ್ಲಿ ಅದು 512ಕ್ಕೆ ಇಳಿಯಿತು.

ಈಗ ಉಡುಪಿ ಕಡೆ ಹೊಸದಾಗಿ ಇಂಟರ್ನೆಟ್ ಕೊಡಲು ಹೊರಟ ಸಣ್ಣ ಆಪರೇಟರ್ ಒಬ್ಬರಿದ್ದಾರೆ ಅಂತಿಟ್ಟುಕೊಳ್ಳಿ. 2000 ಮನೆಗೆ ಲೈನ್ ಎಳೆದಿದ್ದಾರೆ, ಕೈಯಲ್ಲಿರುವುದು 512 ವಿಳಾಸ. ಅನಿವಾರ್ಯವಾಗಿ ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ಕಾಪುವಿನ ಮನೆಯ ಸಿಸಿಟಿವಿ ಡಿವಿಆರನ್ನು ದುಬೈಯಲ್ಲಿರುವ ಮಗ ನೇರವಾಗಿ ತೆರೆಯಲು ನೋಡಿದರೆ ತೆರೆಯುವುದಿಲ್ಲ, ಆ ವಿಳಾಸ ಅವರೊಬ್ಬರ ಮನೆಯದ್ದಲ್ಲವಲ್ಲ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಡಿವಿಆರ್ ಕಡೆಗೆ ಕಳಿಸುವ ಸೆಟ್ಟಿಂಗ್) ಮಾಡಿದರೂ ಆಗದು. ಫೋನ್ ಮಾಡಿದರೆ "ಸ್ಟ್ಯಾಟಿಕ್ ಐಪಿ ತಕೊಳ್ಳಿ" ಅನ್ನುತ್ತಾರೆ, ಅಂದರೆ ನಿಮ್ಮ ಮನೆಗೇ ಬೇರೆಯಾದ, ಬದಲಾಗದ ವಿಳಾಸ. ಅದಕ್ಕೆ ಬೇರೆ ದುಡ್ಡು. ಎಲ್ಲೋ ನಡೆದ ಸಭೆಯ ತೀರ್ಮಾನ ಹೀಗೆ ಮನೆಯ ಬಿಲ್ಲಿನ ತನಕ ಬರುತ್ತದೆ.

ಎಪಿನಿಕ್‌ನಲ್ಲಿ ಹೊಸ ನಿಯಮ ಬೇಕೆಂದು ಯಾರು ಬೇಕಾದರೂ ಪ್ರಸ್ತಾವ ಇಡಬಹುದು. ಸದಸ್ಯರೇ ಆಗಿರಬೇಕು ಅಂತಿಲ್ಲ. ಚರ್ಚೆಯಾಗುತ್ತದೆ, ಕೈ ಎತ್ತಿಸುತ್ತಾರೆ, ಆದರೆ ಅದು ಒಲವು ತಿಳಿಯಲು ಮಾತ್ರ. ಆಕ್ಷೇಪ ದೊಡ್ಡದಾ ಸಣ್ಣದಾ ಅಂತ ಅಳೆದು, ಒಮ್ಮತ ಬಂತಾ ಅಂತ ಹೇಳುವುದು ಆ ಚರ್ಚೆ ನಡೆಸುವ ಅಧ್ಯಕ್ಷರ ಹೊಣೆ. ಆಮೇಲೂ ಅಂತಿಮ ಅಭಿಪ್ರಾಯಕ್ಕೆ ಕಡಿಮೆಯೆಂದರೆ ನಾಲ್ಕು ವಾರ ಸಮಯ ಇರುತ್ತದೆ.

ಕ್ರಮ ಒಳ್ಳೆಯದೇ. ಸುಧಾರಿಸಲು ಜಾಗವೂ ಇದೆ. ನನ್ನ ಪ್ರಕಾರ ಮೊದಲು ಬೇಕಾದದ್ದು ಆಕ್ಷೇಪಗಳ ಒಂದು ಪಟ್ಟಿ, ಪ್ರತಿ ಪ್ರಸ್ತಾವದ ಜೊತೆಯಲ್ಲೇ, ಎಲ್ಲರಿಗೂ ಕಾಣುವಂತೆ. ಆ 512ರ ವಿಷಯದಲ್ಲಿ ಒಂದು ಸಾಲು ಹೀಗಿರಬಹುದು. ಆಕ್ಷೇಪ: ಹಳಬರಿಗೆ 1024 ಸಿಕ್ಕಿದೆ, ಅರ್ಧದಲ್ಲಿ ಹೊಸಬರು ಪೈಪೋಟಿ ಮಾಡುವುದು ಹೇಗೆ? ಉತ್ತರ: ಈಗ ಜಾಸ್ತಿ ಕೊಟ್ಟರೆ ನಾಳೆ ಬರುವವರಿಗೆ ಏನೂ ಉಳಿಯದು. ಸ್ಥಿತಿ: ಕೇಳಿದವರಿಗೆ ಸಮಾಧಾನ ಇಲ್ಲ, ಆದರೆ ಉತ್ತರಕ್ಕೆ ಎದುರು ವಾದ ಬಂದಿಲ್ಲ. ಇಷ್ಟು ಬರೆದಿಟ್ಟರೆ ಅಧ್ಯಕ್ಷರು ಒಮ್ಮತ ಅಂತ ಯಾಕೆ ಹೇಳಿದರು ಅಂತ ಹೊರಗಿನವರಿಗೂ ಗೊತ್ತಾಗುತ್ತದೆ. ಅದಿಲ್ಲದಿದ್ದರೆ ಜೋರಾಗಿ ಮಾತಾಡಿದವರು ಗೆದ್ದರು ಅಂತಲೇ ಅನಿಸುವುದು, ಅಲ್ವಾ?

ಇನ್ನೊಂದು, ಮೌನವನ್ನು ಒಪ್ಪಿಗೆ ಅಂತ ಎಣಿಸುವ ಅಭ್ಯಾಸ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಮಳೆಗಾಲದಲ್ಲಿ ಮರ ಬಿದ್ದು ಕಡಿದ ಫೈಬರ್ ಜೋಡಿಸುತ್ತಾ ಕುಂದಾಪುರದಲ್ಲಿ ಓಡಾಡುವ ಆಪರೇಟರ್‌ಗೆ ಇಂಗ್ಲಿಷ್ ಕರಡು ಓದಲು ಪುರುಸೊತ್ತು ಎಲ್ಲಿ? ಅವರು ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ, ಸುದ್ದಿಯೇ ಮುಟ್ಟಿಲ್ಲ. ಪ್ರಸ್ತಾವದ ಸಾರ ಕನ್ನಡದಲ್ಲಿ ಒಂದು ಪುಟ ಸಿಕ್ಕಿದರೂ ಎಷ್ಟೋ ಆಯಿತು. ಪರಿಹಾರಕ್ಕೆ ಕೈ ಹಾಕುವ ಮೊದಲು ಸಮಸ್ಯೆ ನಿಜಕ್ಕೂ ಇದೆಯಾ ಅಂತ ಬೇರೆಯಾಗಿ ಕೇಳುವುದು, ಜಾರಿಯಾಗಿ ಒಂದೆರಡು ವರ್ಷದ ಮೇಲೆ ನಿಯಮ ಕೆಲಸ ಮಾಡಿತಾ ಅಂತ ತಿರುಗಿ ನೋಡುವುದು, ಇವೂ ಬೇಕು.

ನಮ್ಮ ಕಡೆಯವರು ಅಭಿಪ್ರಾಯ ಕಳಿಸುವಾಗ "ಇದರಿಂದ ನಮಗೆ ಕಷ್ಟ" ಅಂತಷ್ಟೇ ಬರೆದರೆ ಅದನ್ನು ತೂಗಿ ನೋಡಲು ಅಧ್ಯಕ್ಷರಿಗೂ ಆಗುವುದಿಲ್ಲ. ಎಷ್ಟು ಗ್ರಾಹಕರು, ಎಷ್ಟು ವಿಳಾಸ, ಒಂದು ವಿಳಾಸದ ಹಿಂದೆ ಎಷ್ಟು ಮನೆ, ಅದರಿಂದ ಯಾವ ಸೇವೆ ನಿಂತಿತು ಅಂತ ಬರೆಯಿರಿ. ಯಾವ ಸಾಲು ಬದಲಾದರೆ ನಿಮಗೆ ಒಪ್ಪಿಗೆ ಅನ್ನುವುದನ್ನೂ ಸೇರಿಸಿ.