ಫ್ಲೋರೈಡ್ ಹಲ್ಲನ್ನು ಕಾಯುವ ಬಗೆ: ಮಲೆನಾಡಿನ ನೀರನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ದಂತಕ್ಷಯದ, ಅಂದರೆ ಹಲ್ಲು ಹುಳುಕಾಗುವುದರ ಪಾಠದಲ್ಲಿ, ನೀರು ಮತ್ತು ಟೂತ್‌ಪೇಸ್ಟಿನಲ್ಲಿ ಸಿಗುವ ಫ್ಲೋರೈಡ್ ಎಂಬ ಖನಿಜಾಂಶದ ಭಾಗವನ್ನು ಓದುವಾಗ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೆಂದರೆ, ಅದು ಹಲ್ಲನ್ನು ಕಾಯುವುದು ಮುಖ್ಯವಾಗಿ ಹೊಟ್ಟೆಗೆ ಹೋಗಿ ಅಲ್ಲ, ಬಾಯಲ್ಲಿದ್ದುಕೊಂಡೇ. ಬೆಳೆಯುತ್ತಿರುವ ಹಲ್ಲಿನೊಳಗೆ ಸೇರಿ ಅದನ್ನು ಜೀವನಪೂರ್ತಿ ಗಟ್ಟಿಯಾಗಿಡುತ್ತದೆ ಎಂಬ ಹಳೆಯ ವಿವರಣೆ ಪೂರ್ತಿ ಸುಳ್ಳಲ್ಲ. ಆದರೆ ಪರೀಕ್ಷೆಯಲ್ಲಿ ಅದೊಂದನ್ನೇ ಬರೆದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ತೂಕದಲ್ಲಿ ಸುಮಾರು ಶೇಕಡ 96ರಷ್ಟು ಖನಿಜವೇ ಇದ್ದು, ಅದು ಹೈಡ್ರಾಕ್ಸಿಅಪಟೈಟ್ ಎಂಬ ಹರಳಿನ ರೂಪದಲ್ಲಿದೆ. ಸಾಗರ, ಸೊರಬದ ಕಡೆ ಆಲೆಮನೆಯ ಕಾಲದಲ್ಲಿ ಮಾಡುವಂತೆ ಜೋನಿ ಬೆಲ್ಲದಲ್ಲಿ ದೋಸೆ ಅದ್ದಿ ತಿಂದೆವೆನ್ನಿ. ಹಲ್ಲಿಗೆ ಅಂಟಿದ ಪ್ಲಾಕ್ ಎಂಬ ಪೊರೆಯಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಮೊದಲಾದ ಬ್ಯಾಕ್ಟೀರಿಯಾಗಳು ಆ ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಪೊರೆಯ ಪಿಎಚ್ (ಆಮ್ಲೀಯತೆಯ ಅಳತೆ; ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದು, ಹರಳಿನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬೀಳುತ್ತವೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಜೊಲ್ಲು ಆಮ್ಲವನ್ನು ತಣಿಸುವುದರಿಂದ ಕರಗಿದ ಖನಿಜದ ಒಂದಷ್ಟು ಭಾಗ ಹಿಂದಿರುಗುತ್ತದೆ. ಈ ಕಾರಣಕ್ಕೇ ಒಮ್ಮೆಗೆ ಎಷ್ಟು ಬೆಲ್ಲ ತಿಂದೆವು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎನ್ನುವುದು ಹಲ್ಲಿನ ಮಟ್ಟಿಗೆ ಹೆಚ್ಚು ಮುಖ್ಯವಾಗುತ್ತದೆ.

ಫ್ಲೋರೈಡಿನ ಪಾತ್ರ ಬರುವುದು ಖನಿಜ ಹಿಂದಿರುಗುವ ಈ ಹೊತ್ತಿನಲ್ಲಿ. ಜೊಲ್ಲಿನಲ್ಲಿ ಅದು ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮತ್ತೆ ಹರಳಿನ ಮೇಲೆ ಕೂರುವುದನ್ನು ಚುರುಕುಗೊಳಿಸುತ್ತದೆ. ಜೊತೆಗೆ ಹರಳಿನಲ್ಲಿ ಹೈಡ್ರಾಕ್ಸಿಲ್ ಎಂಬ ಅಂಶ ಇದ್ದ ಜಾಗಗಳಲ್ಲಿ ತಾನೂ ಸೇರಿಕೊಂಡು, ಆಮ್ಲಕ್ಕೆ ಅಷ್ಟು ಸುಲಭವಾಗಿ ಕರಗದ ಫ್ಲೋರಪಟೈಟ್ ಎಂಬ ಹರಳಿನ ಗುಣವುಳ್ಳ ಹೊಸ ಪದರವನ್ನು ಕಟ್ಟುತ್ತದೆ. ಫ್ಲೋರಪಟೈಟ್ ಕರಗಲು ಪಿಎಚ್ ಸುಮಾರು 4.5ರವರೆಗೆ ಇಳಿಯಬೇಕು. ಪಿಎಚ್ ಅಳತೆ ಲಾಗರಿದಮ್ ಮಾನದ್ದಾದ್ದರಿಂದ ಒಂದು ಅಂಕದ ಈ ವ್ಯತ್ಯಾಸವೆಂದರೆ ಹತ್ತು ಪಟ್ಟು ಆಮ್ಲೀಯತೆ ಎಂಬುದನ್ನು ಮರೆಯಬಾರದು. ಬ್ಯಾಕ್ಟೀರಿಯಾದೊಳಗೆ ಹೊಕ್ಕ ಫ್ಲೋರೈಡ್ ಎನೊಲೇಸ್ ಎಂಬ ಕಿಣ್ವವನ್ನು ತಡೆದು ಆಮ್ಲದ ಉತ್ಪತ್ತಿಯನ್ನೂ ತಗ್ಗಿಸುತ್ತದೆ, ಆದರೆ ಇದು ಪೂರಕ ಪರಿಣಾಮ ಮಾತ್ರ. ಹಲ್ಲಿನ ಮೇಲೆ ಸುಣ್ಣದ ಬಣ್ಣದ ಮಂಕು ಮಚ್ಚೆ ಕಾಣುವ ಹಂತದಲ್ಲಿ ದಂತಕ್ಷಯವನ್ನು ಹಿಮ್ಮೆಟ್ಟಿಸಬಹುದು. ಕುಳಿ ಬಿದ್ದ ಮೇಲೆ ಫ್ಲೋರೈಡ್ ಅದನ್ನು ತುಂಬಿಕೊಡಲಾರದು.

ಇನ್ನು ನೀರಿನ ಮಾತು. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರವು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಲು ಆರಂಭಿಸಿತು, ಅಲ್ಲಿನ ಮಕ್ಕಳಲ್ಲಿ ಹುಳುಕು ಗಣನೀಯವಾಗಿ ಇಳಿಯಿತು. ನಮ್ಮ ರಾಜ್ಯದ ಬಯಲುಸೀಮೆಯ ಸಮಸ್ಯೆ ಇದಕ್ಕೆ ತಿರುಗುಮುರುಗು: ಕೋಲಾರ, ಪಾವಗಡದಂಥ ಕಡೆ ಆಳದ ಕೊಳವೆಬಾವಿಗಳ ನೀರು ಗ್ರಾನೈಟ್ ಬಂಡೆಯ ನಡುವೆ ಬಹುಕಾಲ ನಿಂತು, 1.5 ಮಿಲಿಗ್ರಾಂ ಮಿತಿಯನ್ನು ದಾಟುವಷ್ಟು ಫ್ಲೋರೈಡನ್ನು ಪ್ರತಿ ಲೀಟರಿನಲ್ಲಿ ಹೊತ್ತು ಬರುತ್ತದೆ. ಮಲೆನಾಡಿನ ತುಂಗೆಯ ನೀರಿಗಾಗಲಿ, ಗುಡ್ಡದ ಒರತೆಯಿಂದ ಮನೆಯಂಗಳಕ್ಕೆ ಹರಿದು ಬರುವ ಅಬ್ಬಿ ನೀರಿಗಾಗಲಿ ಬಂಡೆಯೊಡನೆ ಅಷ್ಟು ಹೊತ್ತಿನ ಒಡನಾಟವಿಲ್ಲ. ಜೋರು ಮಳೆಯಿಂದ ತುಂಬಿ ಬೇಗ ಹರಿದುಹೋಗುವ ಇಂಥ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆಯೇ. ಹಾಗಾಗಿ ಇಲ್ಲಿಯವರ ಪಾಲಿಗೆ ಫ್ಲೋರೈಡಿನ ನೆಚ್ಚಬಹುದಾದ ಮೂಲ ಟೂತ್‌ಪೇಸ್ಟ್. ಮಾವಿನೆಲೆಯಿಂದಲೋ ಇದ್ದಿಲಿನಿಂದಲೋ ಹಲ್ಲುಜ್ಜುವವರ ಪ್ಲಾಕ್ ಸ್ವಲ್ಪ ಹೋಗಬಹುದು, ಆದರೆ ಖನಿಜ ಹಿಂದಿರುಗಿಸುವ ಕೆಲಸಕ್ಕೆ ಅವು ಒದಗುವುದಿಲ್ಲ; ಒರಟು ಇದ್ದಿಲಂತೂ ಎನಾಮಲನ್ನೇ ಸವೆಸುತ್ತದೆ.

ಲೆಕ್ಕ ಸರಳವಾಗಿದೆ. 1,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಪೇಸ್ಟ್ ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. ಬಟಾಣಿ ಗಾತ್ರದ ಪೇಸ್ಟ್ ಸುಮಾರು ಕಾಲು ಗ್ರಾಂ ತೂಗುವುದರಿಂದ ಅದರಲ್ಲಿರುವುದು ಕಾಲು ಮಿಲಿಗ್ರಾಂ. ಉಜ್ಜಿದ ಮೇಲೆ ನೊರೆಯನ್ನು ಉಗಿದರೆ ಸಾಕು. ಚೊಂಬುಗಟ್ಟಲೆ ನೀರಿನಿಂದ ಬಾಯಿ ಮುಕ್ಕಳಿಸುವ ನಮ್ಮ ರೂಢಿ ಬಾಯಲ್ಲಿ ಉಳಿಯಬೇಕಾದ ಫ್ಲೋರೈಡನ್ನೇ ತೊಳೆದು ಹಾಕುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿಯ ಉಜ್ಜುವಿಕೆಯನ್ನು ತಪ್ಪಿಸಬಾರದು.

ಮಕ್ಕಳ ವಿಷಯದಲ್ಲಿ ಮಾತ್ರ ನುಂಗುವ ಪ್ರಮಾಣಕ್ಕೆ ಮಹತ್ವವಿದೆ. ಬಾಯಿಗೆ ಬರಲಿರುವ ಕಾಯಂ ಹಲ್ಲುಗಳ ಎನಾಮಲ್ ಸುಮಾರು ಎಂಟು ವರ್ಷದವರೆಗೆ ರೂಪುಗೊಳ್ಳುತ್ತಿರುತ್ತದೆ. ಆ ಅವಧಿಯಲ್ಲಿ ಫ್ಲೋರೈಡ್ ಅತಿಯಾಗಿ ಒಳಗೆ ಹೋದರೆ ಬಿಳಿ ಪಟ್ಟೆಗಳೋ ಕಂದು ಕಲೆಗಳೋ ಉಳಿದುಕೊಳ್ಳುತ್ತವೆ, ಇದೇ ದಂತ ಫ್ಲೋರೋಸಿಸ್. ಆದ್ದರಿಂದ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟನ್ನು ಹಿರಿಯರೇ ಬ್ರಷ್‌ಗೆ ಹಾಕಿ, ಎದುರು ನಿಂತು ಉಗಿಸಬೇಕು. ಬೇಸಿಗೆಯಲ್ಲಿ ಬಾವಿ ಬತ್ತಿ ಹೊಸದಾಗಿ ಕೊಳವೆಬಾವಿ ಕೊರೆಸಿದ ಮನೆಯವರು, ಮಲೆನಾಡಿನಲ್ಲೇ ಇದ್ದರೂ, ಆ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡುವುದು ಒಳ್ಳೆಯದು.